ನಿಘಂಟು, ವಿಶ್ವಕೋಶ, ಶಾಸನ ಸಂಪುಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ನಾಲ್ಕು ಕಪಾಟು ತುಂಬ ನಿಘಂಟು, ಶಾಸನ ಸಂಪುಟ ಇದೆ ಅಂತ ಒಬ್ಬರಿಗೆ ಗೊತ್ತಾದರೆ ಸಾಕು, ಹತ್ತು ಜನರಿಗೆ ಗೊತ್ತಾಗುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ನನಗೆ ಬರುವ ಪ್ರಶ್ನೆಗಳು ಬಹುಪಾಲು ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಕೊನೆಗೆ. ಎಲ್ಲವೂ ಕನ್ನಡದ, ಕರ್ನಾಟಕದ ಪುಸ್ತಕಗಳ ಸುತ್ತಲೇ ಇದೆ. ನನಗೆ ಕೈ ಪಳಗಿರುವುದು ಅವುಗಳಲ್ಲೇ.

## ಮೊದಲ ಮೆಟ್ಟಿಲು

ಆಕರ ಗ್ರಂಥ, ಪರಾಮರ್ಶನ ಗ್ರಂಥ, ಸಂಶೋಧನಾ ಗ್ರಂಥ... ಎಲ್ಲಾ ಒಂದೇ ಅಲ್ವಾ?

ಅಲ್ಲ. ಹಲ್ಮಿಡಿಯ ಕಲ್ಲಿನ ಮೇಲೆ ಇರುವುದನ್ನು ಅಕ್ಷರ ಅಕ್ಷರ ಓದಿ ಅಚ್ಚು ಹಾಕಿದರೆ ಅದು ಆಕರ. ಅದರಲ್ಲಿ ಬರುವ ‘ಬಾಳ್ಗಳ್ಚು’ ಅಂದರೆ ಏನಪ್ಪಾ ಅಂತ ತೆಗೆದು ನೋಡುವ ನಿಘಂಟು ಪರಾಮರ್ಶನ ಗ್ರಂಥ. ಇವೆರಡನ್ನೂ ಇಟ್ಟುಕೊಂಡು ‘ಆ ಕಾಲದಲ್ಲಿ ಯುದ್ಧ ಗೆದ್ದವನಿಗೆ ಭೂಮಿ ಕೊಡುವ ಪದ್ಧತಿ ಹೀಗಿತ್ತು’ ಅಂತ ಒಬ್ಬರು ಬರೆದರೆ ಅದು ಸಂಶೋಧನಾ ಗ್ರಂಥ. ಮೊದಲನೆಯದು ಸಾಕ್ಷಿ, ಎರಡನೆಯದು ದುಭಾಷಿ, ಮೂರನೆಯದು ವಕೀಲ. ವಕೀಲರ ಮಾತನ್ನೇ ಸಾಕ್ಷಿ ಅಂದುಕೊಳ್ಳುವುದರಿಂದ ಅರ್ಧಕ್ಕರ್ಧ ಜಗಳ ಹುಟ್ಟುತ್ತವೆ.

ಮನೆಯಲ್ಲಿ ಇಟ್ಕೊಳ್ಳೋಕೆ ಒಂದೇ ಒಂದು ನಿಘಂಟು ಹೇಳಿ ಸರ್.

ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು. ದಿನಪತ್ರಿಕೆ, ಕಾದಂಬರಿ, ಮಕ್ಕಳ ಪಾಠ, ಎಲ್ಲಕ್ಕೂ ಆಗುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬೇಕಾದರೆ ಮೈಸೂರು ವಿಶ್ವವಿದ್ಯಾನಿಲಯದ್ದು ಜೊತೆಗಿರಲಿ. ಫೋನಿನಲ್ಲೇ ಬೇಕು ಅನ್ನುವವರಿಗೆ ‘ಅಲರ್’ ಇದೆ. ವಿ. ಕೃಷ್ಣ ಎಂಬುವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಜಾಸ್ತಿ ಪದಗಳಿವೆ. 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು.

ನಿಘಂಟಲ್ಲಿ ಪದ ಹುಡುಕೋದೇ ಗೊತ್ತಾಗಲ್ಲ. ‘ಕ್ಷಮೆ’ ಎಲ್ಲಿ, ‘ಜ್ಞಾನ’ ಎಲ್ಲಿ?

ನಾಚಿಕೆ ಬೇಡ, ಎಂ.ಎ. ಮಾಡಿದವರೂ ಕೇಳುತ್ತಾರೆ. ವರ್ಣಮಾಲೆ ಹೇಳಿಕೊಡುವಾಗ ಕ್ಷ, ಜ್ಞ ಕೊನೆಗೆ ಬರುತ್ತವೆ. ಆದರೆ ನಿಘಂಟಿನಲ್ಲಿ ಅವು ಒತ್ತಕ್ಷರಗಳು ಅಷ್ಟೇ. ಕ್ಷಮೆ ಇರುವುದು ‘ಕ’ದ ಕೊನೆಯಲ್ಲಿ, ಕೌ ಮುಗಿದು ಕ್ರ, ಕ್ಲ ಆದ ಮೇಲೆ. ಜ್ಞಾನ ಇರುವುದು ‘ಜ’ದ ಕೊನೆಯಲ್ಲಿ, ಜ್ವರಕ್ಕಿಂತ ಸ್ವಲ್ಪ ಮುಂಚೆ. ಸೊನ್ನೆ ಇರುವ ಪದ ಮೊದಲು ಬರುತ್ತದೆ. ಹಾಗಾಗಿ ‘ಅಂಕ’ ಆದ ಮೇಲೆ ‘ಅಕ್ಕ’. ಅರ್ಕಾವೊತ್ತು ಕೂಡ ಮೋಸ ಮಾಡುತ್ತದೆ. ‘ಕರ್ಮ’ ಬರೆಯುವಾಗ ಆ ಗುರುತು ಮಕಾರದ ಆಚೆ ಕೂರುತ್ತದೆ, ಆದರೆ ಹುಡುಕಬೇಕಾದ್ದು ಕರ, ಕರಿ, ಕರು, ಕರೆ ಎಲ್ಲ ದಾಟಿದ ಮೇಲೆ. ಮಾತಿನಲ್ಲಿ ಯಾವ ಸದ್ದು ಮೊದಲೋ ನಿಘಂಟಿನಲ್ಲೂ ಅದೇ ಮೊದಲು.

ಗೂಗಲ್ ಇದೆ, ವಿಕಿಪೀಡಿಯ ಇದೆ. ಇನ್ನೂ ವಿಶ್ವಕೋಶ ಯಾಕೆ?

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟ. 2014ರಲ್ಲಿ ಅದನ್ನು ವಿಶ್ವವಿದ್ಯಾನಿಲಯವೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅದರ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿ ಓದಲು ಸಿಗುತ್ತವೆ. ಅಂದರೆ ನೀವು ಇಂಟರ್ನೆಟ್ಟಿನಲ್ಲಿ ಕನ್ನಡದಲ್ಲಿ ಹುಡುಕುವಾಗಲೂ ಎಷ್ಟೋ ಸಲ ತಲುಪುವುದು ಅಲ್ಲಿಗೇ!

ಅದರ ಬೆಲೆ ಇರುವುದು ಒಂದು ಕಾರಣಕ್ಕೆ: ಕೀಟಶಾಸ್ತ್ರದವರು ಕೀಟದ ಬಗ್ಗೆ, ಸಂಗೀತ ಬಲ್ಲವರು ರಾಗದ ಬಗ್ಗೆ, ನೇರವಾಗಿ ಕನ್ನಡದಲ್ಲೇ ಬರೆದರು. ಭಾಷಾಂತರ ಮಾಡಿ ತುಂಬಿಸಿದ್ದಲ್ಲ. ಜನಸಂಖ್ಯೆ, ಬೆಳೆಯ ಲೆಕ್ಕಕ್ಕೆ ಅದನ್ನು ನೋಡಬೇಡಿ, ಹಳೆಯದು. ಒಂದು ವಿಷಯವನ್ನು ಕನ್ನಡದಲ್ಲಿ ಹೇಗೆ ಹೇಳಬಹುದು ಅಂತ ತಿಳಿಯಲು ನೋಡಿ.

ಹಳೇ ಸೆಟ್ ಒಂದು ಮಾರಾಟಕ್ಕಿದೆ. ತಗೊಳ್ಲಾ?

ತಗೊಳ್ಳಿ, ಆದರೆ ಒಂದೊಂದೇ ಸಂಪುಟ ಬಿಚ್ಚಿ ನೋಡಿ. ನಾನೊಮ್ಮೆ ಪರಿಷತ್ತಿನ ದೊಡ್ಡ ನಿಘಂಟಿನ ‘ಎಂಟೂ ಸಂಪುಟ ಇದೆ’ ಅಂತ ಹೇಳಿದ್ದನ್ನು ನಂಬಿ ದುಡ್ಡು ಕೊಟ್ಟು, ಹಗ್ಗ ಕಟ್ಟಿದ ಹಾಗೇ ಆಟೋದಲ್ಲಿ ಹಾಕಿಕೊಂಡು ಬಂದೆ. ಮನೆಯಲ್ಲಿ ನೋಡಿದರೆ ಮೂರನೆಯದು ಎರಡಿತ್ತು, ಐದನೆಯದು ಇರಲಿಲ್ಲ. ಬಿಡಿಯಾಗಿ ಐದನೆಯದು ಸಿಗಲು ನಾಲ್ಕು ವರ್ಷ ಹಿಡಿಯಿತು. ಎರಡನೇ ‘ಮೂರು’ ಈಗ ಚಿಕ್ಕ ಮಕ್ಕಳು ಊಟಕ್ಕೆ ಕೂರುವಾಗ ಕುರ್ಚಿ ಎತ್ತರಿಸಲು ಬಳಕೆಯಾಗುತ್ತಿದೆ.

ಒಳಗೂ ಕಣ್ಣಾಡಿಸಿ. ಬೈಂಡಿಂಗಿನಲ್ಲಿ ಒಂದು ಫಾರಂ ಬಿಟ್ಟುಹೋಗಿ ಹದಿನಾರು ಪುಟ ಮಾಯವಾಗಿರುವುದು, ಇಲ್ಲವೇ ಅದೇ ಫಾರಂ ಎರಡು ಸಲ ಸೇರಿರುವುದು ಅಪರೂಪವಲ್ಲ. ಹೊಸದಾಗಿ ಕೊಳ್ಳುವವರು ವಿಶ್ವವಿದ್ಯಾನಿಲಯಗಳ ಪ್ರಸಾರಾಂಗದಲ್ಲಿ, ಅಂದರೆ ಪುಸ್ತಕ ಪ್ರಕಟಣೆಯ ವಿಭಾಗದಲ್ಲಿ, ವಿಚಾರಿಸಿ. ರಾಜ್ಯೋತ್ಸವದ ಹೊತ್ತಿಗೆ ರಿಯಾಯಿತಿ ಮಾರಾಟ ನಡೆಯುವುದುಂಟು.

ಕೆಎಎಸ್‌ಗೆ ಓದ್ತಿದೀನಿ. ಇವೆಲ್ಲ ಓದಬೇಕಾ?

ಬೇಡ. ಪರೀಕ್ಷೆ ಮುಗಿಸಿ ಬನ್ನಿ.

## ನಿಘಂಟಿನ ಒಳಗೆ

ಕಿಟೆಲ್ ನಿಘಂಟು ನೂರು ವರ್ಷಕ್ಕಿಂತ ಹಳೇದು. ಈಗಲೂ ಯಾಕೆ ಎಲ್ರೂ ಅದರ ಹೆಸರು ಹೇಳ್ತಾರೆ?

ಫರ್ಡಿನಾಂಡ್ ಕಿಟೆಲ್ ಜರ್ಮನಿಯವರು. ಬಾಸೆಲ್ ಮಿಷನ್ ಪಾದ್ರಿಯಾಗಿ 1853ರಲ್ಲಿ ಬಂದರು. ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುಮಾರು 70,000 ಪದಗಳು. ಅರ್ಥ ಇಂಗ್ಲಿಷಿನಲ್ಲಿದೆ. ಆದರೆ ಅದರ ಜೀವ ಇರುವುದು ಅರ್ಥದಲ್ಲಲ್ಲ. ಒಂದು ಪದ ತೆಗೆದರೆ ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ನೆಂಟರು ಯಾರು, ಯಾವ ಕಾವ್ಯದಲ್ಲಿ ಬಂದಿದೆ, ಯಾವ ಗಾದೆಯಲ್ಲಿದೆ, ಎಲ್ಲವೂ ಒತ್ತೊತ್ತಾಗಿ ಕೂತಿವೆ. ಗಾದೆ ಹುಡುಕಲೆಂದೇ ನಾನು ಎಷ್ಟೋ ಸಲ ಅದನ್ನು ತೆರೆದಿದ್ದೇನೆ.

ಈಗ ಇನ್ನೊಂದು ಮಗ್ಗುಲು. ಕವಿರಾಜಮಾರ್ಗ ಅಚ್ಚಿನಲ್ಲಿ ಬಂದದ್ದು 1898ರಲ್ಲಿ. ಪಂಪಭಾರತವೂ ಅದೇ ವರ್ಷ. ಡಿ.ಎಲ್. ನರಸಿಂಹಾಚಾರ್ ಸಂಪಾದಿಸಿದ ವಡ್ಡಾರಾಧನೆ 1949ರಲ್ಲಿ. ಅಂದರೆ ಕನ್ನಡದ ತೀರಾ ಹಳೆಯ ಪುಸ್ತಕಗಳು ಅಚ್ಚಾಗುವ ಮುಂಚೆಯೇ ಕಿಟೆಲ್ ನಿಘಂಟು ಮುಗಿದಿತ್ತು. ‘ಕಿಟೆಲ್‌ನಲ್ಲಿ ಈ ಪದ ಇಲ್ಲ, ಹಾಗಾಗಿ ಹಳಗನ್ನಡದಲ್ಲಿ ಇರಲಿಲ್ಲ’ ಅಂತ ಯಾರಾದರೂ ವಾದ ಮಾಡಿದರೆ ಈ ಇಸವಿಗಳನ್ನು ಮುಂದಿಡಿ. ಯಾವುದೇ ಪರಾಮರ್ಶನ ಗ್ರಂಥವಿರಲಿ, ಅದು ಯಾವ ವರ್ಷ ಹುಟ್ಟಿತು ಅಂತ ನಾನು ಮೊದಲು ನೋಡುವುದು ಇದಕ್ಕೇ. ಅದಕ್ಕೆ ಏನು ಗೊತ್ತಿರಲು ಸಾಧ್ಯವೇ ಇರಲಿಲ್ಲ ಅನ್ನುವುದು ಆ ವರ್ಷದಿಂದ ಗೊತ್ತಾಗುತ್ತದೆ.

‘ಹಾಲು’ ಅಂತ ನೋಡಿದ್ರೆ ‘ಪಾಲ್’ ನೋಡಿ ಅಂತ ಕಳಿಸ್ತಾರೆ. ಸುಮ್ನೆ ಯಾಕೆ ಸುತ್ತಾಡಿಸ್ತಾರೆ?

ಹಳಗನ್ನಡದ ಎಷ್ಟೋ ಪದಗಳ ಮೊದಲಿನ ‘ಪ’ ಮುಂದೆ ‘ಹ’ ಆಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ ಹಲ್ಲಾಯಿತು, ಪೂ ಹೂವಾಯಿತು. ತಮಿಳಿನವರು ಈಗಲೂ ಪಾಲ್, ಪುಲಿ ಅಂತಲೇ ಅನ್ನುತ್ತಾರೆ, ಅಲ್ವಾ? ಹಾಗಾಗಿ ಪದದ ಪೂರ್ತಿ ಸಂಸಾರ ಹಳೆಯ ಮನೆಯಲ್ಲೇ ಇರುತ್ತದೆ. ಹೊಸ ಮನೆಯಲ್ಲಿ ಬರೀ ವಿಳಾಸ.

ಬಿಟ್ಟುಹೋದ ಎರಡು ಅಕ್ಷರಗಳನ್ನೂ ಗುರುತು ಹಿಡಿಯಲು ಕಲಿಯಿರಿ: ಱ ಮತ್ತು ೞ. ಈಗಿನ ಏಳು ಆಗ ಏೞು, ಬಾಳೆ ಆಗ ಬಾೞೆ, ಕೋಳಿ ಆಗ ಕೋೞಿ. ಒಂದು ವಾರ ತೊಡಕು. ಆಮೇಲೆ ಅಭ್ಯಾಸವಾಗುತ್ತದೆ.

ಪರಿಷತ್ತಿನ ಎಂಟು ಸಂಪುಟದ ನಿಘಂಟು ಯಾರಿಗೆ ಬೇಕು?

ಹಳೆಯ ಕಾವ್ಯ ಓದುವವರಿಗೆ, ಶಾಸನ ಓದುವವರಿಗೆ. ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ ಬಂತು. ಒಟ್ಟು 9,000 ಪುಟಕ್ಕೂ ಮಿಕ್ಕಿದೆ. ನೂರು ದಾಟಿ ಬಾಳಿದ ಜಿ. ವೆಂಕಟಸುಬ್ಬಯ್ಯನವರ ಹೆಸರು ಈ ಕೆಲಸದ ಜೊತೆ ಅಂಟಿಕೊಂಡಿದೆ, ಆದರೆ ಅವರಿಗೆ ಮೊದಲು ಮತ್ತು ಜೊತೆಗೆ ದುಡಿದವರು ತುಂಬಾ ಜನ. ಇದು ಅರ್ಥ ಹೇಳಿ ಸುಮ್ಮನಾಗುವುದಿಲ್ಲ, ಯಾವ ಕಾವ್ಯದ ಯಾವ ಪದ್ಯ, ಯಾವ ಶಾಸನ ಅಂತ ಪ್ರಯೋಗವನ್ನೂ ಕೊಡುತ್ತದೆ. ಮನೆಗೆ ದೊಡ್ಡದಾಯಿತು ಅನಿಸಿದರೆ ಲೈಬ್ರರಿಯಲ್ಲಿ ನೋಡಿ. ಪರಾಮರ್ಶನ ವಿಭಾಗದಲ್ಲಿ ಇರುತ್ತದೆ, ಮನೆಗೆ ಕೊಡುವುದಿಲ್ಲ.

ಒಂದು ಪದ ಅಚ್ಚಗನ್ನಡದ್ದಾ, ಸಂಸ್ಕೃತದ್ದಾ ಅಂತ ಹೇಗೆ ತೀರ್ಮಾನ ಮಾಡೋದು?

ಕಿವಿಗೆ ಹೇಗೆ ಕೇಳಿಸುತ್ತದೆ ಅನ್ನುವುದರ ಮೇಲೆ ಮಾಡಬೇಡಿ. ಬರೋ ಮತ್ತು ಎಮೆನೋ ಸೇರಿ ಮಾಡಿದ ದ್ರಾವಿಡ ಪದಮೂಲ ನಿಘಂಟು ತೆಗೆಯಿರಿ. ಮೊದಲು ಬಂದದ್ದು 1961ರಲ್ಲಿ, ತಿದ್ದಿದ ಎರಡನೇ ಆವೃತ್ತಿ 1984ರಲ್ಲಿ. ಶಿಕಾಗೋ ವಿಶ್ವವಿದ್ಯಾಲಯದ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಪದದ ನೆಂಟರು ತುಳು, ಕೊಡವದಲ್ಲಷ್ಟೇ ಅಲ್ಲ, ದೂರದ ಗೋಂಡಿ, ಕುಡುಖ್‌ನಲ್ಲೂ ಇದ್ದರೆ ಅದು ಸಂಸ್ಕೃತದಿಂದ ಬಂದದ್ದಲ್ಲ ಅನ್ನಲು ಬಲವಾದ ಕಾರಣ ಸಿಕ್ಕಿತು. ತಮಾಷೆ ಏನೆಂದರೆ ಸಾಲ ಎರಡೂ ಕಡೆ ಓಡಾಡಿದೆ. ಸಂಸ್ಕೃತದ ‘ಮೀನ’, ‘ನೀರ’ ನಮ್ಮ ಕಡೆಯಿಂದ ಹೋದದ್ದು ಅಂತಲೇ ಹೆಚ್ಚಿನ ಭಾಷಾ ವಿದ್ವಾಂಸರ ಅಭಿಪ್ರಾಯ.

## ಊರು, ಕಲ್ಲು, ಕಾಲ

ನಮ್ಮೂರಿನ ಇತಿಹಾಸ ಬರೀಬೇಕು. ಎಲ್ಲಿಂದ ಶುರು ಮಾಡ್ಲಿ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಊರು ಹಳೇ ಮೈಸೂರು ಸೀಮೆಯದ್ದಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳನ್ನು ಮೊದಲು ನೋಡಿ. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ 12 ಸಂಪುಟ ಬಂದವು. ಜಿಲ್ಲೆವಾರು, ಒಳಗೆ ತಾಲ್ಲೂಕುವಾರು. 5 ಹಾಸನ, 6 ಕಡೂರು ಅಂದರೆ ಈಗಿನ ಚಿಕ್ಕಮಗಳೂರು, 7 ಮತ್ತು 8 ಶಿವಮೊಗ್ಗ, 9 ಬೆಂಗಳೂರು, 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು. ಒಟ್ಟು ಸುಮಾರು 9,000 ಶಾಸನ.

ಎಡವುವುದು ಇಲ್ಲೇ: ಜಿಲ್ಲೆ ಅಂದರೆ ಆಗಿನ ಜಿಲ್ಲೆ. ದಾವಣಗೆರೆಯ ಶಾಸನ ಚಿತ್ರದುರ್ಗದ ಸಂಪುಟದಲ್ಲಿದೆ, ಚಾಮರಾಜನಗರದ್ದು ಮೈಸೂರಿನಲ್ಲಿ, ಚಿಕ್ಕಬಳ್ಳಾಪುರದ್ದು ಕೋಲಾರದಲ್ಲಿ. ಮೊದಲೆರಡು ಜಿಲ್ಲೆಯಾದದ್ದು 1997ರಲ್ಲಿ, ಚಿಕ್ಕಬಳ್ಳಾಪುರ 2007ರಲ್ಲಿ. ‘ನಮ್ಮ ಜಿಲ್ಲೆಯ ಸಂಪುಟವೇ ಇಲ್ಲ’ ಅಂತ ಬೇಜಾರಾಗಿ ಫೋನ್ ಮಾಡುವವರು ವರ್ಷಕ್ಕೆ ನಾಲ್ಕೈದು ಜನ ಇದ್ದೇ ಇರುತ್ತಾರೆ.

ಆಮೇಲೆ ಗೆಜೆಟಿಯರ್, ಅಂದರೆ ಒಂದು ಸೀಮೆಯ ವಿವರಗಳನ್ನೆಲ್ಲ ಕೂಡಿಸಿದ ಸರ್ಕಾರಿ ಗ್ರಂಥ. ಸಿ. ಹಯವದನ ರಾವ್ ಅವರ ಮೈಸೂರು ಗೆಜೆಟಿಯರ್ 1927ರಿಂದ 1930ರವರೆಗೆ ಬಂತು. ಸ್ವಾತಂತ್ರ್ಯದ ನಂತರದ ಜಿಲ್ಲಾ ಗೆಜೆಟಿಯರ್‌ಗಳು ಬೇರೆ ಇವೆ. ಸಂತೆ ಯಾವ ದಿನ, ಕೆರೆ ಎಷ್ಟು, ಜಾತ್ರೆ ಯಾವಾಗ, ಇಂಥವು ಸಿಗುತ್ತವೆ. ಟಿಪ್ಪು ಸುಲ್ತಾನ್ ಸತ್ತ ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲೆಲ್ಲ ಓಡಾಡಿ ಬೆಳೆ, ನೇಯ್ಗೆ, ಕಬ್ಬಿಣದ ಕುಲುಮೆಗಳ ಬಗ್ಗೆ ಬರೆದಿಟ್ಟ. ಮೂರು ಸಂಪುಟ, 1807ರಲ್ಲಿ ಅಚ್ಚಾಯಿತು. ನಿಮ್ಮೂರು ಅವನ ದಾರಿಯಲ್ಲಿ ಬಿದ್ದಿದ್ದರೆ ಹಬ್ಬ.

ಊರು ಧಾರವಾಡ, ವಿಜಯಪುರದ ಕಡೆಯದಾದರೆ ರೈಸ್ ಸಿಗುವುದಿಲ್ಲ. ಅದು ಆಗ ಮುಂಬೈ ಪ್ರಾಂತ. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯಲ್ಲಿ 11, 15, 18, 20ನೇ ಸಂಪುಟಗಳು ಮುಂಬೈ ಕರ್ನಾಟಕದ ಶಾಸನಗಳಿಗೇ ಮೀಸಲು. ಅವನ್ನು ಹಿಡಿಯಿರಿ.

ಹಾಂ, ಪುಸ್ತಕ ತೆರೆಯುವ ಮುಂಚೆ ಊರಿನ ದೇವಸ್ಥಾನದ ಹಿಂದುಗಡೆ ಒಂದು ಸುತ್ತು ಹಾಕಿ ಬನ್ನಿ. ಬಟ್ಟೆ ಒಗೆಯುವ ಕಲ್ಲೇ ಶಾಸನವಾಗಿರುವುದುಂಟು.

ಒಂದು ಲೇಖನದಲ್ಲಿ ಎಪಿಗ್ರಾಫಿಯಾ ಸಂಪುಟ 4 ಅಂತಿದೆ, ಇನ್ನೊಂದರಲ್ಲಿ ಅದೇ ಶಾಸನಕ್ಕೆ ಸಂಪುಟ 3. ಯಾವುದು ತಪ್ಪು?

ಎರಡೂ ಸರಿ ಇರಬಹುದು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಇಡೀ ಮಾಲೆಯನ್ನು ತಿದ್ದಿ, ಹೊಸದಾಗಿ ಸಿಕ್ಕ ಶಾಸನ ಸೇರಿಸಿ ಮತ್ತೆ ತರಲು ಶುರುಮಾಡಿತು. ಹೊಸತರಲ್ಲಿ ತಾಲ್ಲೂಕುಗಳ ಹಂಚಿಕೆಯೇ ಬೇರೆ. ಶಾಸನದ ಸಂಖ್ಯೆಯೂ ಬದಲಾಗಿದೆ. ಆದ್ದರಿಂದ ಬರೆಯುವಾಗ ‘ಹಳೆಯದು’ ಅಥವಾ ‘ಪರಿಷ್ಕೃತ’ ಅಂತ ಒಂದು ಮಾತು ಸೇರಿಸಿ. ಜೊತೆಗೆ ತಾಲ್ಲೂಕು, ಊರಿನ ಹೆಸರೂ ಇರಲಿ. ‘ಎ.ಕ. 7, ಶಿಕಾರಿಪುರ 176’ ಅಂದರೆ ಹಳೆಯ ಏಳನೇ ಸಂಪುಟದ ತಾಳಗುಂದ ಸ್ತಂಭಶಾಸನ ಅಂತ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ. ಬರೀ ‘176’ ಅಂದರೆ ಯಾರಿಗೂ ಹೊಳೆಯದು.

ಶಕ ವರ್ಷ ಕೊಟ್ಟಿರ್ತಾರೆ. ಇಸವಿಗೆ ಹೇಗೆ ತಿರುಗಿಸೋದು?

78 ಕೂಡಿಸಿ. ಬಾದಾಮಿಯ ಬಂಡೆಶಾಸನ ಶಕ 465, ಅಂದರೆ ಕ್ರಿ.ಶ. 543. ಐಹೊಳೆಯ ರವಿಕೀರ್ತಿಯ ಶಾಸನ ಶಕ 556, ಅಂದರೆ 634. ವರ್ಷ ಶುರುವಾಗುವುದು ಯುಗಾದಿಗೆ. ಆದ್ದರಿಂದ ಪುಷ್ಯ, ಮಾಘ, ಫಾಲ್ಗುಣದ ತಿಥಿ ಇದ್ದರೆ ಇಸವಿ ಒಂದು ಮುಂದೆ ಹೋಗಬಹುದು, ಆಗ 79.

ಸಂವತ್ಸರದ ಹೆಸರೂ ಇದ್ದರೆ ತಾಳೆ ನೋಡಬಹುದು. ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದದ್ದೇ ಪ್ರಭವದಿಂದ ಎಣಿಸಿದರೆ ಸಂವತ್ಸರದ ಸಂಖ್ಯೆ. ಪಂಪ ಆದಿಪುರಾಣದಲ್ಲಿ ಶಕ 863, ಪ್ಲವ ಸಂವತ್ಸರ ಅಂತ ಹೇಳಿಕೊಂಡಿದ್ದಾನೆ. 863ಕ್ಕೆ 12 ಕೂಡಿಸಿದರೆ 875. 60ರಿಂದ ಭಾಗಿಸಿದರೆ ಉಳಿಯುವುದು 35. ಮೂವತ್ತೈದನೆಯದು ಪ್ಲವ! ಮೊದಲ ಸಲ ಈ ಲೆಕ್ಕ ಕೂಡಿಬಂದಾಗ ನಾನು ಅಡುಗೆಮನೆಗೆ ಓಡಿಹೋಗಿ ಹೇಳಿದ್ದೆ. ಅಲ್ಲಿ ಯಾರಿಗೂ ಅಷ್ಟೇನೂ ಖುಷಿಯಾಗಲಿಲ್ಲ.

ಈ ಲೆಕ್ಕ ಸುಮಾರು 10ನೇ ಶತಮಾನದಿಂದ ಈಚೆಗೆ ನಮ್ಮ ದಕ್ಷಿಣದ ಶಾಸನಗಳಿಗೆ ಸರಿಹೊಂದುತ್ತದೆ. ಅದಕ್ಕೂ ಹಿಂದೆ ಬೃಹಸ್ಪತಿಯ, ಅಂದರೆ ಗುರುಗ್ರಹದ, ನಡಿಗೆಯ ಲೆಕ್ಕ ನಡುವೆ ಬರುತ್ತದೆ. ಒಂದು ವರ್ಷದ ವ್ಯತ್ಯಾಸ ಬಂದರೆ ಗಾಬರಿ ಬೇಡ. ಕೆಲವು ಶಾಸನ ಮುಗಿದ ವರ್ಷವನ್ನು ಹೇಳುತ್ತವೆ, ಕೆಲವು ನಡೆಯುತ್ತಿರುವ ವರ್ಷವನ್ನು. ತಿಥಿ, ವಾರ ಸಮೇತ ತೀರ್ಮಾನ ಮಾಡಲು ವಿದ್ವಾಂಸರು ಸ್ವಾಮಿಕಣ್ಣು ಪಿಳ್ಳೈ ಅವರ ‘ಇಂಡಿಯನ್ ಎಫಿಮೆರಿಸ್’ ಕೋಷ್ಟಕಗಳನ್ನು ಬಳಸುತ್ತಾರೆ.

ಹಲ್ಮಿಡಿ ಶಾಸನ ಕ್ರಿ.ಶ. 450 ಅಂತ ಎಲ್ರೂ ಬರೀತಾರೆ. ಅಷ್ಟು ಸರಿಯಾಗಿ ಹೇಗೆ ಗೊತ್ತಾಯ್ತು?

ಗೊತ್ತಾಗಿಲ್ಲ. ಆ ಹದಿನಾರು ಸಾಲಿನಲ್ಲಿ ಶಕವರ್ಷ ಇಲ್ಲವೇ ಇಲ್ಲ. ಕದಂಬರ ಕಾಕುಸ್ಥನ ಹೆಸರಿದೆ, ಅಕ್ಷರದ ರೂಪವಿದೆ, ಭಾಷೆಯ ರೂಪವಿದೆ. ಇವನ್ನು ಹೋಲಿಸಿ ‘ಸುಮಾರು 450’ ಅಂದರು. ಪಠ್ಯಪುಸ್ತಕಕ್ಕೆ ಬರುವ ಹೊತ್ತಿಗೆ ‘ಸುಮಾರು’ ಉದುರಿಹೋಯಿತು. ‘ಸು.’ ಅನ್ನುವ ಒಂದೂವರೆ ಅಕ್ಷರವನ್ನು ದಯವಿಟ್ಟು ಬಿಡಬೇಡಿ.

ಅಂದಹಾಗೆ ಹಲ್ಮಿಡಿ ಇರುವುದು ಬೇಲೂರು ತಾಲ್ಲೂಕಿನಲ್ಲಿ, ಆದರೂ ರೈಸ್ ಅವರ ಹಾಸನ ಸಂಪುಟದಲ್ಲಿ ಈ ಶಾಸನ ಇಲ್ಲ. ಎಂ.ಎಚ್. ಕೃಷ್ಣ ಅವರು ಇದನ್ನು ಬೆಳಕಿಗೆ ತಂದದ್ದೇ 1936ರಲ್ಲಿ. ಇನ್ನು ತಾಳಗುಂದದಲ್ಲಿ 2013ರ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ (ಮೆಟ್ಟಿಲ ಬದಿಯ ಸಿಂಹದ ಕಲ್ಲು) ಶಾಸನ ಇದಕ್ಕಿಂತ ಹಳೆಯದು, ಸುಮಾರು 370ರದ್ದು ಅನ್ನುತ್ತಾರೆ. ಅಲ್ಲೂ ‘ಸುಮಾರು’ ಇದೆ.

## ಕಾವ್ಯ, ವಚನ, ಧರ್ಮ

ಒಂದೇ ಪಂಪಭಾರತ, ಎರಡು ಪುಸ್ತಕದಲ್ಲಿ ಪದ್ಯ ಎರಡು ಥರ ಇದೆ. ಅಚ್ಚಿನ ತಪ್ಪಾ?

ಇರಬಹುದು, ಆದರೆ ಪಾಠಾಂತರ ಇರುವ ಸಾಧ್ಯತೆಯೇ ಜಾಸ್ತಿ. ಪಂಪ ಕೈಯಾರೆ ಬರೆದದ್ದು ನಮಗೆ ಸಿಕ್ಕಿಲ್ಲ. ಪ್ರತಿಯ ಪ್ರತಿಯ ಪ್ರತಿ ಮಾಡುತ್ತಾ ಬಂದ ಓಲೆಗರಿ ಸಿಕ್ಕಿವೆ. ಲಿಪಿಕಾರನಿಗೆ ನಿದ್ದೆ ಬಂದಿರಬಹುದು, ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದ ಮಾಡಿರಬಹುದು. ಸಂಪಾದಕರು ನಾಲ್ಕಾರು ಪ್ರತಿ ಎದುರಿಗಿಟ್ಟುಕೊಂಡು ಒಂದು ಪಾಠ ಆರಿಸುತ್ತಾರೆ, ಉಳಿದವನ್ನು ಅಡಿಟಿಪ್ಪಣಿಗೆ ಹಾಕುತ್ತಾರೆ. ರೈಸ್ 1898ರಲ್ಲಿ ಮೊದಲು ಅಚ್ಚು ಹಾಕಿದರು. ಬೆಳ್ಳಾವೆ ವೆಂಕಟನಾರಣಪ್ಪನವರ ಸಂಪಾದನೆಯಲ್ಲಿ ಪರಿಷತ್ತಿನ ಆವೃತ್ತಿ 1931ರಲ್ಲಿ ಬಂತು. ನೀವು ಉಲ್ಲೇಖಿಸುವಾಗ ‘ಪಂಪಭಾರತ’ ಅಂದರೆ ಸಾಲದು, ಯಾರ ಸಂಪಾದನೆ ಅಂತಲೂ ಹೇಳಿ. ಗದ್ಯಾನುವಾದ ಮಾತ್ರ ಇರುವ ಪುಸ್ತಕ ಓದಿ ‘ಪಂಪ ಹೀಗೆ ಬಳಸಿದ್ದಾನೆ’ ಅಂತ ಬರೆಯಬೇಡಿ.

ವಾಟ್ಸಾಪಲ್ಲಿ ಬರೋ ವಚನ ನಿಜವಾಗಿ ಬಸವಣ್ಣನವರದ್ದೇನಾ?

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ತಂದ ಸಮಗ್ರ ವಚನ ಸಂಪುಟ 15 ಸಂಪುಟಗಳದ್ದು. ಎಂ.ಎಂ. ಕಲಬುರ್ಗಿ ಪ್ರಧಾನ ಸಂಪಾದಕರು. 20,000ಕ್ಕೂ ಹೆಚ್ಚು ವಚನಗಳಿವೆ. ಬಸವಣ್ಣನವರದ್ದು ಮೊದಲ ಸಂಪುಟ. ಹಿಂದುಗಡೆ ಮೊದಲ ಸಾಲಿನ ಅಕಾರಾದಿ ಇರುತ್ತದೆ, ಅಲ್ಲಿ ನೋಡಿ. ಇಲ್ಲದಿದ್ದರೆ ಅನುಮಾನ ಪಡಿ. ಅಂಕಿತ ನೋಡಿ ಮೋಸಹೋಗಬೇಡಿ. ‘ಕೂಡಲಸಂಗಮದೇವ’ ಅಂತ ಕೊನೆಗೆ ಅಂಟಿಸುವುದು ಯಾರಿಗೆ ಬರುವುದಿಲ್ಲ ಹೇಳಿ? ಮೊಬೈಲು, ಸ್ನೇಹಿತರ ದಿನ, ಮತದಾನದ ಬಗ್ಗೆ ‘ವಚನ’ಗಳು ನನಗೂ ಬಂದಿವೆ.

ಷಟ್‌ಸ್ಥಲ, ಬಯಲು, ಪ್ರಾಣಲಿಂಗಿ ಇಂಥ ಮಾತು ತೊಡಕಾದರೆ ಹದಿನೈದನೆಯದನ್ನು ತೆಗೆಯಿರಿ. ಅದು ಪಾರಿಭಾಷಿಕ ಪದಕೋಶ. ಈ ಹಾದಿ ತೆರೆದವರು ಫ.ಗು. ಹಳಕಟ್ಟಿ. ಮನೆಮನೆ ತಿರುಗಿ ಓಲೆಗರಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ತಂದರು.

ಕವಿಚರಿತೆಯಲ್ಲಿ ಕೊಟ್ಟಿರೋ ಕಾಲ ನಂಬಬಹುದಾ?

ಶುರು ಮಾಡಲು ನಂಬಿ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ ಮೂರು ಸಂಪುಟ: 1907, 1919, 1929. ಮೊದಲನೆಯದನ್ನು ಅವರೇ ಮುಂದೆ ತಿದ್ದಿ ಮತ್ತೆ ಅಚ್ಚು ಹಾಕಿಸಿದರು. ತಮ್ಮ ಮಾತನ್ನು ತಾವೇ ತಿದ್ದುವ ವಿದ್ವಾಂಸರನ್ನು ಕಂಡರೆ ನನಗೆ ಗೌರವ ಜಾಸ್ತಿ. ಯಾವ ಕವಿಗೆ ಕಾಲ ಹೇಗೆ ಕಟ್ಟಿದ್ದಾರೆ ಅಂತ ನೋಡಿ. ಕವಿಯೇ ಶಕವರ್ಷ ಹೇಳಿದ್ದರೆ ಗಟ್ಟಿ. ‘ಇವನನ್ನು ಹೊಗಳಿದವನು ಇಂಥ ಕಾಲದವನು, ಆದ್ದರಿಂದ ಇವನು ಅದಕ್ಕಿಂತ ಹಿಂದೆ’ ಅಂದಿದ್ದರೆ ಅದು ಊಹೆ. ಕುಮಾರವ್ಯಾಸನ ಕಾಲದ ಬಗ್ಗೆ ಆಮೇಲೆ ಎಷ್ಟು ವಾದ ನಡೆದಿದೆ ಅಂತ ನಿಮಗೆ ಗೊತ್ತೇ ಇದೆ.

ಮಠದವರು, ಭಕ್ತರು ತಂದ ಪುಸ್ತಕವನ್ನ ಅಕಾಡೆಮಿಕ್ ಅಂತ ತಗೋಬಹುದಾ?

ಯಾರು ತಂದರು ಅನ್ನುವುದಕ್ಕಿಂತ ಹೇಗೆ ತಂದರು ನೋಡಿ. ಯಾವ ಹಸ್ತಪ್ರತಿ, ಎಲ್ಲಿ ಸಿಕ್ಕಿತು, ಪಾಠಾಂತರ ಏನು ಅಂತ ಕೊಟ್ಟಿದ್ದರೆ ಮಠದ ಪ್ರಕಟಣೆಯೂ ಒಳ್ಳೆಯ ಆಕರ. ಇವೇನೂ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಮುದ್ರೆ ಇದ್ದೂ ಪ್ರಯೋಜನವಿಲ್ಲ.

## ವಿಜ್ಞಾನ

ವಿಜ್ಞಾನಕ್ಕೆ ಕನ್ನಡದಲ್ಲಿ ಪರಾಮರ್ಶನ ಗ್ರಂಥ ಇದೆಯಾ? ನಿಜ ಹೇಳಿ.

ಇದೆ, ಆದರೆ ಹಳೆಯದು. ಇಲ್ಲಿನ ಕಥೆ ಹೆಮ್ಮೆಯದ್ದೂ ಹೌದು, ಬೇಸರದ್ದೂ ಹೌದು. 1918ರಲ್ಲೇ ‘ವಿಜ್ಞಾನ’ ಅನ್ನುವ ಮಾಸಪತ್ರಿಕೆ ಕನ್ನಡದಲ್ಲಿ ಶುರುವಾಯಿತು. ಅದನ್ನು ನಡೆಸಿದವರಲ್ಲಿ ಒಬ್ಬರು ಮೇಲೆ ಹೇಳಿದ ಬೆಳ್ಳಾವೆ ವೆಂಕಟನಾರಣಪ್ಪನವರೇ. ಭೌತಶಾಸ್ತ್ರ ಕಲಿಸುತ್ತಿದ್ದವರು ಪಂಪನನ್ನೂ ಸಂಪಾದಿಸಿದರು! ಪತ್ರಿಕೆ ಎರಡೇ ವರ್ಷ ಬಾಳಿತು. ಶಿವರಾಮ ಕಾರಂತರು ಮೂರು ಸಂಪುಟದ ಬಾಲಪ್ರಪಂಚವನ್ನು 1936ರಲ್ಲಿ ತಂದರು, ಮುಂದೆ ನಾಲ್ಕು ಸಂಪುಟದ ವಿಜ್ಞಾನ ಪ್ರಪಂಚವನ್ನೂ ಒಬ್ಬರೇ ಬರೆದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟದ ಜ್ಞಾನಗಂಗೋತ್ರಿ ಬಂತು. ನಮ್ಮ ವಯಸ್ಸಿನ ಎಷ್ಟೋ ಜನ ಅದರ ಚಿತ್ರ ನೋಡಿಯೇ ಬೆಳೆದವರು.

ಆದರೆ ಅವುಗಳಲ್ಲಿ ಪ್ಲೂಟೋ ಇನ್ನೂ ಗ್ರಹವೇ. 2006ರಲ್ಲಿ ಅದನ್ನು ಕುಬ್ಜಗ್ರಹ ಅಂತ ಬೇರೆ ಮಾಡಿದರು ಅನ್ನುವುದು ಅವಕ್ಕೆ ಹೇಗೆ ಗೊತ್ತಿರಬೇಕು? ಶಾಸನ ಹಳೆಯದಾದಷ್ಟೂ ಬೆಲೆ. ವಿಜ್ಞಾನದ ಕೋಶ ಹಳೆಯದಾದರೆ ಅದು ಇತಿಹಾಸದ ಕಪಾಟಿಗೆ ಹೋಗುತ್ತದೆ. ಇವತ್ತಿನ ಮಾಹಿತಿಗೆ ಇಂಗ್ಲಿಷ್ ಗ್ರಂಥವನ್ನೇ ನೋಡಬೇಕಾದ ಸ್ಥಿತಿ ಇದೆ, ಮುಚ್ಚಿಡುವುದೇನು?

ಆಮ್ಲಜನಕ ಅನ್ಬೇಕಾ, ಆಕ್ಸಿಜನ್ ಅನ್ಬೇಕಾ? ಒಂದೊಂದು ಪುಸ್ತಕದಲ್ಲಿ ಒಂದೊಂದು.

ಎರಡೂ ನಡೆಯುತ್ತದೆ. ಒಂದೇ ಪುಸ್ತಕದಲ್ಲಿ ಎರಡೂ ಬೇಡ ಅಷ್ಟೇ. ನನ್ನ ಒಲವು ಆಕ್ಸಿಜನ್ ಕಡೆ, ಯಾಕೆಂದರೆ ಆಸ್ಪತ್ರೆಯಲ್ಲಿ ಎಲ್ಲರೂ ಅನ್ನುವುದು ಅದನ್ನೇ. ಇನ್ನೊಂದು ಮಜಾ ಇದೆ. ಆಮ್ಲ ಆಗುವುದಕ್ಕೆಲ್ಲ ಈ ಅನಿಲವೇ ಕಾರಣ ಅಂತ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ ತಪ್ಪು ತಿಳಿದು ಇಟ್ಟ ಹೆಸರು ಆಕ್ಸಿಜನ್. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ನಾವು ಆ ತಪ್ಪನ್ನೂ ಸೇರಿಸಿ ಭಕ್ತಿಯಿಂದ ಅನುವಾದ ಮಾಡಿಕೊಂಡೆವು.

## ಆಳಕ್ಕೆ ಇಳಿದವರಿಗೆ

ಹಳೇ ಪುಸ್ತಕದ ಪಿಡಿಎಫ್ ಇಳಿಸ್ಕೊಂಡ್ರೆ ತಪ್ಪಾ?

ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ರೈಸ್ 1927ರಲ್ಲಿ, ನರಸಿಂಹಾಚಾರ್ಯರು 1936ರಲ್ಲಿ. ಇವರ ಪುಸ್ತಕಗಳನ್ನು ಧಾರಾಳವಾಗಿ ಇಳಿಸಿಕೊಳ್ಳಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಬೇಕಾದಷ್ಟು ಇವೆ. ಕಾರಂತರು ತೀರಿಕೊಂಡದ್ದು 1997ರಲ್ಲಿ, ಅವರ ಪುಸ್ತಕಗಳಿಗೆ ಇನ್ನೂ ಹಕ್ಕಿದೆ. ರೈಸ್ ಸಂಪುಟ ಮುಕ್ತ ಅಂತ ಪರಿಷ್ಕೃತ ಮೈಸೂರು ಆವೃತ್ತಿಯೂ ಮುಕ್ತ ಅಂದುಕೊಳ್ಳಬೇಡಿ. ಸ್ಕ್ಯಾನ್ ಮಾಡುವಾಗ ಪುಟ ಹಾರಿರುತ್ತವೆ, ಮಡಚಿದ ನಕ್ಷೆ ಬಿಟ್ಟಿರುತ್ತಾರೆ. ಪುಟಸಂಖ್ಯೆ ಎಣಿಸಿ.

ಎಐ ಕೇಳಿದೆ. ಶಾಸನದ ನಂಬರ್ ಸಮೇತ ಕೊಡ್ತು. ಅದನ್ನೇ ಅಡಿಟಿಪ್ಪಣಿಗೆ ಹಾಕ್ಲಾ?

ಸಂಪುಟ ತೆಗೆದು ಆ ನಂಬರ್ ನೋಡಿದಿರಾ? ನೋಡಿದ ಮೇಲೆ ಹಾಕಿ. ನನಗೊಬ್ಬರು ತಂದ ಅಂಥ ನಂಬರ್ ಹಿಡಿದು ಹೋದರೆ ಅಲ್ಲಿ ಬೇರೆ ಊರಿನ ಕೆರೆ ದಾನದ ಶಾಸನ ಇತ್ತು.

ಶಾಸನ ಪಾಠದಲ್ಲಿ ಚೌಕ ಆವರಣ, ಚುಕ್ಕಿ, ನಕ್ಷತ್ರ ಎಲ್ಲ ಇರುತ್ತೆ. ಅವನ್ನ ಬಿಟ್ಟು ನಕಲು ಮಾಡಬಹುದಾ?

ಖಂಡಿತ ಬೇಡ. ಸಾಮಾನ್ಯವಾಗಿ ಚುಕ್ಕಿ ಅಂದರೆ ಅಲ್ಲಿ ಕಲ್ಲು ಸವೆದು ಅಕ್ಷರ ಹೋಗಿದೆ. ಚೌಕ ಆವರಣ ಅಂದರೆ ಅಕ್ಷರ ಮಸುಕಾಗಿದೆ, ಓದಿದವರು ಹೀಗಿರಬೇಕು ಅಂತ ಓದಿಕೊಂಡಿದ್ದಾರೆ. ನಕ್ಷತ್ರ ಇದ್ದರೆ ಬಹಳ ಸಲ ಅದು ಕಲ್ಲಿನ ಮೇಲೆ ಇಲ್ಲದ್ದು, ಸಂಪಾದಕರು ಸೇರಿಸಿದ್ದು. ದುಂಡು ಆವರಣ ಅಂದರೆ ಕೆತ್ತಿದವನ ತಪ್ಪನ್ನು ತಿದ್ದಿದ್ದು. ಮಾಲೆಯಿಂದ ಮಾಲೆಗೆ ಪದ್ಧತಿ ಸ್ವಲ್ಪ ಬದಲಾಗುತ್ತದೆ, ಸಂಪುಟದ ಮೊದಲ ಪುಟಗಳಲ್ಲಿ ಹೇಳಿರುತ್ತಾರೆ.

ಇದನ್ನು ಕೇಳಿದವರೊಬ್ಬರು ತಮ್ಮ ಊರಿನ ಹೆಸರು ಹತ್ತನೇ ಶತಮಾನದ ಶಾಸನದಲ್ಲಿದೆ ಅಂತ ದೊಡ್ಡ ಲೇಖನ ಸಿದ್ಧಮಾಡಿಕೊಂಡಿದ್ದರು. ಸಂಪುಟ ತೆರೆದು ನೋಡಿದೆವು. ಹೆಸರಿನ ನಾಲ್ಕು ಅಕ್ಷರದಲ್ಲಿ ಮೊದಲನೆಯದು ಮಾತ್ರ ಆವರಣದ ಹೊರಗಿತ್ತು. ಮರುವಾರ ಇಬ್ಬರೂ ಟಾರ್ಚ್ ಹಿಡಿದು ಆ ಕಲ್ಲಿನ ಹತ್ತಿರ ಹೋದೆವು. ಓರೆಯಾಗಿ ಬೆಳಕು ಬಿಟ್ಟಾಗ ಎರಡನೇ ಅಕ್ಷರವೂ ಕಂಡಿತು. ಉಳಿದೆರಡರ ಮೇಲೆ ಯಾರೋ ಸುಣ್ಣ ಬಳಿದಿದ್ದರು.